ಗ್ಯಾರೇಜಿನಲ್ಲಿ ಏಳು ಪೆಟ್ಟಿಗೆ ಔಷಧಿ

ಅಮೆರಿಕದ ಅರೋರಾ ಊರಿನ ಯಾವ ಕನ್ನಡದವರ ಮನೆಗೆ ಬೇಕಾದರೂ ಹೋಗಿ ನೋಡಿ, ಅಡುಗೆಮನೆಯಲ್ಲಿ ಔಷಧಿಯ ಡಬ್ಬಿ ಒಂದು ಇದ್ದೇ ಇರುತ್ತದೆ. ಊರಿಂದ ಬಂದ ಅಪ್ಪ ಅಮ್ಮ ಆರು ತಿಂಗಳಿಗೆಂದು ತಂದು, ವಾಪಸು ಹೋಗುವಾಗ ಬಿಟ್ಟುಹೋದ ಬಿ.ಪಿ. ಮಾತ್ರೆ. ಎರಡು ವರ್ಷದ ಹಿಂದಿನ ಕೆಮ್ಮಿನ ಸಿರಪ್ಪು. ಯಾರಿಗೆ ತಂದದ್ದು, ಯಾವುದಕ್ಕೆ ತಂದದ್ದು ಎಂದು ಮನೆಯವರಿಗೇ ಮರೆತುಹೋದ ಗುಳಿಗೆಗಳು. ಎಸೆಯಲು ಮನಸ್ಸಿಲ್ಲ, ನುಂಗಲು ಧೈರ್ಯವಿಲ್ಲ.

ಚಿಕ್ಕತಾಯಮ್ಮನ ಕಣ್ಣು ಬಿದ್ದದ್ದು ಈ ಡಬ್ಬಿಗಳ ಮೇಲೆ. ಅವರು ಮದ್ದೂರು ಕಡೆಯ ಹಳ್ಳಿಗಳಲ್ಲಿ ಮೂವತ್ತೆರಡು ವರ್ಷ ಸರ್ಕಾರಿ ನರ್ಸಮ್ಮ ಆಗಿದ್ದವರು. ಈಗ ನಿವೃತ್ತರಾಗಿ, ಮಗ ಗಿರೀಶ ಮತ್ತು ಸೊಸೆ ಭಾನುಪ್ರಿಯಾ ಜೊತೆ ಬೇಸಿಗೆ ಕಳೆಯಲು ಬಂದಿದ್ದರು. ಸುಮ್ಮನೆ ಕೂರುವ ಜಾಯಮಾನ ಅವರದಲ್ಲ. ಕನ್ನಡ ಕೂಟದವರು ಆಫ್ರಿಕಾದ ಮಲಾವಿ ದೇಶದ ಹಳ್ಳಿ ಆಸ್ಪತ್ರೆಗಳಿಗೆ ಏನಾದರೂ ಮಾಡಬೇಕೆಂದಿದ್ದಾರೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಬಾಲಾಜಿ ದೇವಸ್ಥಾನದಲ್ಲಿ ಸಿಕ್ಕಸಿಕ್ಕವರನ್ನೆಲ್ಲ ತಡೆದು ನಿಲ್ಲಿಸಿದರು. "ನಿಮ್ಮನೇಲಿ ಉಳಿದಿರೋ ಔಷಧಿ ತಂದ್ಕೊಡ್ರಪ್ಪ, ಪುಣ್ಯ ಬರುತ್ತೆ!"

ಒಂದು ತಿಂಗಳಲ್ಲಿ ಏಳು ಪೆಟ್ಟಿಗೆ ತುಂಬಿತು. ಪೆಟ್ಟಿಗೆಗಳು ಗ್ಯಾರೇಜಿನ ಒಳಗೆ ಬಂದವು, ಗಿರೀಶನ ಕಾರು ಹೊರಗೆ ಹೋಯಿತು.

ಜುಲೈ ತಿಂಗಳ ಒಂದು ಶುಕ್ರವಾರ ಸಂಜೆ ಸ್ವರೂಪ ಬಂದಳು. ಗದಗ ಕಡೆಯ ಹೆಣ್ಣುಮಗಳು. ಅಲ್ಲೇ ಹತ್ತಿರದ ಎಲ್ಕ್ ಗ್ರೋವ್ ವಿಲೇಜ್ ಎಂಬ ಊರಿನ ಔಷಧಿ ಗೋದಾಮೊಂದರಲ್ಲಿ ಫಾರ್ಮಸಿಸ್ಟ್. ಮಲಾವಿಯ ನರ್ಸುಗಳಿಗೆ ಪ್ರತಿ ಶನಿವಾರ ವಿಡಿಯೋದಲ್ಲಿ ಪಾಠ ಹೇಳುತ್ತಾಳೆ, ಎರಡು ಸಲ ಅಲ್ಲಿಗೆ ಹೋಗಿಯೂ ಬಂದಿದ್ದಾಳೆ. ಪೆಟ್ಟಿಗೆಗಳನ್ನು ನೋಡಿ ಬಾ ಎಂದು ಕೂಟದವರೇ ಅವಳನ್ನು ಕಳಿಸಿದ್ದರು.

ಚಿಕ್ಕತಾಯಮ್ಮ ಬೀಗುತ್ತಾ ಗ್ಯಾರೇಜಿನ ಬಾಗಿಲು ತೆಗೆಸಿದರು. ಒಳಗಿಂದ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಸ್ವರೂಪ ಚೀಲದಿಂದ ಪುಟ್ಟ ಥರ್ಮಾಮೀಟರ್ ತೆಗೆದು ಪೆಟ್ಟಿಗೆಯ ಮೇಲಿಟ್ಟು, ಸ್ವಲ್ಪ ಹೊತ್ತು ಕಾದು ನೋಡಿದಳು.

"ನೂರಾ ಎರಡು ಡಿಗ್ರಿ ಫ್ಯಾರನ್‌ಹೀಟ್ ಐತ್ರೀ ಆಂಟಿ."

"ಇರ್ಲಿ ಬಿಡಮ್ಮ. ಔಷಧಿಗೇನು ಬೆವರುತ್ತಾ?" ಎಂದು ಚಿಕ್ಕತಾಯಮ್ಮ ನಕ್ಕರು.

ಸ್ವರೂಪ ನಗಲಿಲ್ಲ. ಮೊದಲ ಪೆಟ್ಟಿಗೆ ತೆರೆದಳು. ಮೇಲೆಯೇ ಕೂಟದ ಶಿವರಾಮು ಅಂಕಲ್ ಕೊಟ್ಟ, ತಂಪಿನಲ್ಲಿ ಇರಬೇಕಾದ ಇನ್ಸುಲಿನ್ ಇತ್ತು. ಕೆಳಗೆ ಅವಧಿ ಮುಗಿದ ಮಾತ್ರೆಗಳು, ಹೆಸರು ಅಳಿಸಿಹೋದ ಬಾಟಲಿಗಳು. ಎರಡನೆಯದನ್ನು ತೆರೆದಳು, ಮೂರನೆಯದನ್ನೂ ತೆರೆದಳು. ಆಮೇಲೆ ಮೆಲ್ಲಗೆ ಹೇಳಿದಳು. "ಆಂಟಿ, ಸಿಟ್ಟಾಗಬ್ಯಾಡ್ರಿ. ಇದರಾಗ ಒಂದನ್ನೂ ಕಳಿಸಾಕ ಬರೂದಿಲ್ಲ."

"ಏನಂದೆ?"

"ಅವರಿಗೆ ಬೇಕಾಗಿದ್ದು ಇದಲ್ರೀ. ಅಲ್ಲಿ ನರ್ಸ್‌ಗಳಿಗೆ ನಾವು ಟ್ರೈನಿಂಗ್ ಕೊಡ್ತೀವಿ. ಯಾವ ಔಷಧಿ ಎಷ್ಟು ಬೇಕು, ಎಲ್ಲಿ ಇಡಬೇಕು, ಮುಗಿಯೂಕಿಂತ ಮೊದಲ ಹೆಂಗ ತರಿಸ್ಕೋಬೇಕು ಅಂತ. ಕೂಟದವರು ಅದಕ್ಕ ಕೈಜೋಡಿಸಿದ್ರ ಸಾಕು."

ಚಿಕ್ಕತಾಯಮ್ಮನ ಮುಖ ಕೆಂಪಾಯಿತು. "ಟ್ರೈನಿಂಗು! ನಾನು ಕಾಣದೇ ಇರೋ ಟ್ರೈನಿಂಗಾ? ತಾಲ್ಲೂಕು ಆಫೀಸಲ್ಲಿ ಕೂರಿಸಿ, ಬೋಂಡಾ ಕಾಫಿ ಕೊಟ್ಟು, ಸೈನ್ ಹಾಕಿಸ್ಕೊಂಡು ಕಳಿಸೋರು. ಟ್ರೈನಿಂಗ್ ತಗೊಂಡು ಯಾವ ಜೀವ ಉಳೀತು? ಕೈಯಲ್ಲಿ ಔಷಧಿ ಇದ್ರೆ ಜೀವ ಉಳಿಯುತ್ತೆ ಕಣಮ್ಮ. ಒಂದು ಔಷಧಿ ಕೆಲಸ ಮಾಡದಿದ್ರೆ ಇನ್ನೊಂದು ಮಾಡುತ್ತೆ. ಒಂದು ಕೆಲಸ ಮಾಡದಿದ್ರೆ..." ಎಂದವರು ಅಲ್ಲಿಗೇ ಮಾತು ನಿಲ್ಲಿಸಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಭಾನುಪ್ರಿಯಾ ಅತ್ತೆಯನ್ನು ಹಿಡಿದು ಒಳಗೆ ಕರೆದುಕೊಂಡು ಬಂದು ಅಡುಗೆಮನೆಯಲ್ಲಿ ಕೂರಿಸಿದಳು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಅತ್ತೆ ಅಳುವುದನ್ನು ಅವಳು ನೋಡಿದ್ದು ಇದೇ ಮೊದಲು.

"ಏನಾಯ್ತು ಅತ್ತೆ? ಹೇಳಿ."

ಚಿಕ್ಕತಾಯಮ್ಮ ಹೇಳಿದರು. ಮೂವತ್ತು ವರ್ಷದಿಂದ ಯಾರಿಗೂ ಹೇಳಿರಲಿಲ್ಲ. ಜವರಮ್ಮ ಎಂಬ ಬಾಣಂತಿ. ಎರಡನೆಯ ಹೆರಿಗೆ. ಮಗು ಚೆನ್ನಾಗಿಯೇ ಹುಟ್ಟಿತು, ಆದರೆ ತಾಯಿಗೆ ರಕ್ತ ನಿಲ್ಲಲಿಲ್ಲ. ರಕ್ತ ನಿಲ್ಲಿಸುವ ಇಂಜೆಕ್ಷನ್ ಕೊಟ್ಟರು. ನಿಲ್ಲಲಿಲ್ಲ. ಇನ್ನೊಂದು ಕೊಟ್ಟರು. ಟೆಂಪೋದಲ್ಲಿ ಮಂಡ್ಯಕ್ಕೆ ಹೊರಟರು, ಆಸ್ಪತ್ರೆ ತಲುಪುವ ಮೊದಲೇ ಜವರಮ್ಮ ಹೋಗಿಬಿಟ್ಟಳು. "ಊರೋರು ಏನಂದ್ರು ಗೊತ್ತಾ? ಚಿಕ್ಕತಾಯಮ್ಮನ ಕೈಗುಣ ಸರಿಯಿಲ್ಲ ಅಂದ್ರು. ನಾನೂ ಅದನ್ನೇ ನಂಬಿದೆ. ಆಮೇಲೆ ಹೆರಿಗೆಗೆ ಕರೆದಾಗೆಲ್ಲ ಈ ಕೈ ನಡುಗೋದು ಕಣೇ."

ಸ್ವರೂಪ ಅವರ ಎದುರಿಗೆ ಕುರ್ಚಿ ಎಳೆದು ಕುಳಿತಳು. "ಆಂಟಿ, ಆ ಇಂಜೆಕ್ಷನ್ ಎಲ್ಲಿ ಇಟ್ಟಿದ್ರಿ?"

"ಕಿಟಕಿ ಪಕ್ಕದ ಕಪಾಟಲ್ಲಿ. ಅಲ್ಲಿ ಬೆಳಕು ಚೆನ್ನಾಗಿತ್ತು, ಬೇಗ ಕೈಗೆ ಸಿಗಲಿ ಅಂತ."

"ಎಷ್ಟು ದಿನದಿಂದ?"

"ಸಂಕ್ರಾಂತಿ ಹೊತ್ತಿಗೆ ಬಂದಿದ್ದು. ಅವಳು ಹೆತ್ತಿದ್ದು ಏಪ್ರಿಲ್ ಕೊನೇಲಿ."

ಸ್ವರೂಪ ಅವರ ಎರಡೂ ಕೈ ಹಿಡಿದುಕೊಂಡಳು. "ಅದನ್ನ ಫ್ರಿಜ್‌ನಾಗ ಇಡಬೇಕ್ರೀ. ಬಿಸಿಲಿಗೆ, ಬೆಳಕಿಗೆ ಇಟ್ರ ಅದರ ಶಕ್ತಿ ಹೋಗ್ತದ. ಕಣ್ಣಿಗೆ ಏನೂ ಗೊತ್ತಾಗೂದಿಲ್ಲ. ಆವತ್ತು ಹಂಗ ಆತು ಅಂತ ನಾ ಆಣೆ ಮಾಡಿ ಹೇಳಲಾರೆ, ಇಂಜೆಕ್ಷನ್ ಸರಿ ಇದ್ರೂ ಒಮ್ಮೊಮ್ಮೆ ರಕ್ತ ನಿಲ್ಲೂದಿಲ್ಲ. ಆದ್ರ ಮೂರು ತಿಂಗಳು ಬಿಸಿಲಿನಾಗ ಇದ್ದಿದ್ದು ಕೆಟ್ಟಿರೂದ ಹೆಚ್ಚು. ಇದರಾಗ ಕೈಗುಣದ ಮಾತೇ ಇಲ್ರೀ."

ಚಿಕ್ಕತಾಯಮ್ಮ ತಮ್ಮ ಕೈಗಳನ್ನೇ ನೋಡಿಕೊಂಡರು. "ಯಾರೂ ಹೇಳಲಿಲ್ಲ ಕಣಮ್ಮ ನನಗೆ" ಎಂದರು. "ಬೋಂಡಾ ಕೊಟ್ರು, ಸೈನ್ ಹಾಕಿಸ್ಕೊಂಡ್ರು. ಇದನ್ನ ಒಬ್ಬರೂ ಹೇಳಿಕೊಡಲಿಲ್ಲ."

ಅಳು ಬಂತು. ಆದರೆ ಈ ಸಲದ ಅಳು ಬೇರೆ, ಎದೆಯ ಮೇಲಿನ ಭಾರ ಇಳಿದ ಅಳು. ಭಾನುಪ್ರಿಯಾ ಕೂಡ ಅತ್ತಳು. ಕೊನೆಗೆ ಕಾಫಿ ಮಾಡಿದವಳು ಸ್ವರೂಪಳೇ.

"ನಾಳೆ ಬೆಳಿಗ್ಗೆ ಒಂಬತ್ತಕ್ಕ ನನ್ನ ಕ್ಲಾಸ್ ಐತಿ. ಇಲ್ಲಿಗೇ ಬರ್ತೀನಿ, ನೀವೂ ಕೂಡ್ರಿ" ಎಂದು ಹೇಳಿ ಹೋದಳು.

ಮರುದಿನ ಬೆಳಿಗ್ಗೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದರು. ಮಲಾವಿಯಲ್ಲಿ ಆಗ ಸಂಜೆ ನಾಲ್ಕು ಗಂಟೆ. ಪರದೆಯ ಮೇಲೆ ಹಲವು ಮುಖಗಳು ಮೂಡಿದವು. ಅವರಲ್ಲಿ ಚಿಸೊಮೊ ಎಂಬ ನರ್ಸ್ ತನ್ನ ಫೋನು ಹಿಡಿದುಕೊಂಡೇ ಔಷಧಿ ಕೋಣೆಯನ್ನೆಲ್ಲ ತೋರಿಸಿದಳು. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಸ್ವರೂಪ ಕನ್ನಡದಲ್ಲಿ ಹೇಳುತ್ತಾ ಹೋದಳು.

ಮೊದಲು ಹೊಸ ಔಷಧಿ ಮುಂದೆ, ಹಳೆಯದು ಹಿಂದೆ ಇರುತ್ತಿತ್ತಂತೆ. ಮಕ್ಕಳ ಮಲೇರಿಯಾ ಮಾತ್ರೆ ಮೂಲೆಯಲ್ಲೇ ಅವಧಿ ಮುಗಿದು ಹಾಳಾಗುತ್ತಿತ್ತು, ಇಪ್ಪತ್ತು ಮೈಲಿ ಆಚೆಯ ಆಸ್ಪತ್ರೆಯಲ್ಲಿ ಅದೇ ಮಾತ್ರೆ ಇಲ್ಲದೆ ಮಕ್ಕಳು ನರಳುತ್ತಿದ್ದವು. ಈಗ ಯಾವುದರ ಅವಧಿ ಮೊದಲು ಮುಗಿಯುತ್ತದೋ ಅದು ಮುಂದೆ. ಪ್ರತಿ ಔಷಧಿಗೂ ಒಂದು ಕಾರ್ಡು, ಎಷ್ಟು ಬಂತು ಎಷ್ಟು ಹೋಯಿತು ಎಂದು ಬರೆಯಲು. ಇಷ್ಟೇ ಉಳಿದಿದೆ ಎನ್ನುವ ಗುರುತು ಬಂದ ಕೂಡಲೇ ತರಿಸಿಕೊಳ್ಳಬೇಕು. ಹೆಚ್ಚಿದ್ದರೆ ಪಕ್ಕದ ಆಸ್ಪತ್ರೆಗೆ ಫೋನು.

"ಅಯ್ಯೋ, ಇದು ನಮ್ಮತ್ತೆ ರವೆ ಪ್ಯಾಕೆಟ್ ಜೋಡಿಸೋ ಥರಾನೇ!" ಎಂದಳು ಭಾನುಪ್ರಿಯಾ. "ಹಳೇದು ಮುಂದೆ ಇಡದಿದ್ರೆ ನಂಗೆ ಕ್ಲಾಸ್ ತಗೋತಾರೆ."

"ಮತ್ತೆ? ಹುಳ ಬೀಳಲ್ವಾ?" ಎಂದರು ಚಿಕ್ಕತಾಯಮ್ಮ. ಎಲ್ಲರೂ ನಕ್ಕರು.

"ಯಾರಾದ್ರೂ ಪೆಟ್ಟಿಗೆ ತುಂಬಾ ಔಷಧಿ ಕಳಿಸಿದ್ರೆ ನಿಮಗೆ ಅನುಕೂಲ ಆಗಲ್ವಾ?" ಎಂದು ಚಿಕ್ಕತಾಯಮ್ಮ ಸ್ವರೂಪಳ ಕೈಲಿ ಕೇಳಿಸಿದರು. ಚಿಸೊಮೊ ಸಂಕೋಚದಿಂದ ನಕ್ಕು ಹೇಳಿದಳು. ಒಮ್ಮೆ ಹಾಗೆ ಬಂದಿತ್ತು, ಓದಲಾಗದ ಭಾಷೆಯ ಚೀಟಿಗಳು. ವಿಂಗಡಿಸಿ, ಕೆಟ್ಟದ್ದನ್ನು ವಿಲೇವಾರಿ ಮಾಡಲು ಮೂರು ದಿನ ಹಿಡಿಯಿತು. ಆ ಮೂರು ದಿನ ರೋಗಿಗಳು ಹೊರಗೆ ಬೆಂಚಿನ ಮೇಲೆ ಕಾದರು.

ಚಿಕ್ಕತಾಯಮ್ಮ ಗ್ಯಾರೇಜಿನ ಕಡೆ ನೋಡಲೇ ಇಲ್ಲ.

ಕೊನೆಗೆ ಚಿಸೊಮೊ ಒಂದು ಪುಟ್ಟ ಫ್ರಿಜ್ ತೆರೆದಳು. ಒಳಗೆ ಸಾಲಾಗಿ ಬಾಣಂತಿಯರ ಇಂಜೆಕ್ಷನ್. ಬಾಗಿಲ ಮೇಲೊಂದು ಹಾಳೆ, ಬೆಳಿಗ್ಗೆ ಸಂಜೆ ಎರಡು ಹೊತ್ತೂ ಅವಳೇ ಬರೆದ ತಂಪಿನ ಲೆಕ್ಕ. ಒಂದು ದಿನವೂ ತಪ್ಪಿರಲಿಲ್ಲ. ಚಿಕ್ಕತಾಯಮ್ಮ ಪರದೆಯ ಹತ್ತಿರಕ್ಕೆ ಬಗ್ಗಿ, ಆ ಹಾಳೆಯ ಮೇಲೆ ಬೆರಳಿಟ್ಟರು.

"ಸ್ವರೂಪಾ, ನಾನೊಂದು ಮಾತು ಹೇಳ್ಬೇಕು ಅವರಿಗೆಲ್ಲ. ನೀನು ಇಂಗ್ಲಿಷಲ್ಲಿ ಹೇಳು."

ಜವರಮ್ಮನ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದರು, ಕಿಟಕಿಯನ್ನೂ ಬಿಡಲಿಲ್ಲ. "ನನಗೆ ಯಾರೂ ಹೇಳಿಕೊಡಲಿಲ್ಲ ಮಕ್ಕಳಾ. ನಿಮಗೆ ಹೇಳಿಕೊಡೋರು ಇದ್ದಾರೆ. ಕಲೀರಿ. ಕಲಿತಿದ್ದನ್ನ ಪಕ್ಕದ ಊರವಳಿಗೂ ಹೇಳ್ಕೊಡಿ."

ಆಮೇಲೆ ಚಿಸೊಮೊ, ಆ ತಾಯಿಯ ಹೆಸರನ್ನು ಇನ್ನೊಮ್ಮೆ ಹೇಳಿ ಎಂದು ಕೇಳಿದಳು. ಚಿಕ್ಕತಾಯಮ್ಮ ಹೇಳಿದರು. ಅವಳು ಬಿಡಿಸಿ ಬಿಡಿಸಿ ಬರೆದುಕೊಂಡಳು.

ಆ ವಾರವೇ ಭಾನುಪ್ರಿಯಾ ಏಳೂ ಪೆಟ್ಟಿಗೆಗಳನ್ನು ಕಾರಿನಲ್ಲಿ ಹಾಕಿಕೊಂಡು, ಹಳೆಯ ಔಷಧಿ ವಾಪಸು ತೆಗೆದುಕೊಂಡು ಸುರಕ್ಷಿತವಾಗಿ ನಾಶ ಮಾಡುವ ಕಡೆ ಒಪ್ಪಿಸಿ ಬಂದಳು. ಗಿರೀಶನ ಕಾರು ಗ್ಯಾರೇಜಿಗೆ ಮರಳಿತು. ಅಷ್ಟೇ ಅಲ್ಲ, ಔಷಧಿಯ ಲೆಕ್ಕವನ್ನು ಫೋನಿನಲ್ಲೇ ಇಡುವುದು ಹೇಗೆಂದು ಕಲಿಸಲು ಅವನೂ ಶನಿವಾರದ ಕ್ಲಾಸಿಗೆ ಸೇರಿದ. ಚಿಕ್ಕತಾಯಮ್ಮ ಮತ್ತೆ ದೇವಸ್ಥಾನದಲ್ಲಿ ಜನರನ್ನು ತಡೆದು ನಿಲ್ಲಿಸಿದರು. ಈ ಸಲ ಔಷಧಿ ಕೇಳಲಿಲ್ಲ. "ನಿಂಗೆ ಏನು ಬರುತ್ತೋ ಅದನ್ನ ಕಲಿಸು ಬಾರಪ್ಪ" ಎಂದು ಕೇಳಿದರು.

ಆಗಸ್ಟಿನಲ್ಲಿ ಮಲಾವಿಯಿಂದ ಒಂದು ಫೋಟೋ ಬಂತು. ಅದೇ ಫ್ರಿಜ್ಜು, ಬಾಗಿಲ ಮೇಲೆ ಹೊಸ ತಿಂಗಳ ಹಾಳೆ. ಹಾಳೆಯ ತಲೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ದೊಡ್ಡದಾಗಿ ಬರೆದಿತ್ತು: ಜವರಮ್ಮ. ಕೆಳಗೆ ಚಿಸೊಮೊ ಬರೆದ ಎರಡು ಸಾಲು. ನಿನ್ನೆ ಒಬ್ಬ ತಾಯಿಗೆ ರಕ್ತ ನಿಲ್ಲಲಿಲ್ಲ. ಇಂಜೆಕ್ಷನ್ ಕೊಟ್ಟೆ, ನಿಂತಿತು.

ಓದಿ ಹೇಳಿದ ಸೊಸೆಯ ಕೆನ್ನೆಯನ್ನು ಚಿಕ್ಕತಾಯಮ್ಮ ಎರಡೂ ಕೈಯಿಂದ ಹಿಡಿದುಕೊಂಡರು. ಆ ಕೈ ನಡುಗಲಿಲ್ಲ.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಇವತ್ತೇ ನಿಮ್ಮ ಮನೆಯ ಔಷಧಿ ಡಬ್ಬಿ ಇಳಿಸಿ ನೋಡಿ. ಅವಧಿ ಮುಗಿದದ್ದನ್ನು, ಬಿಸಿಲು ತಿಂದದ್ದನ್ನು ಔಷಧಿ ವಾಪಸು ಪಡೆಯುವ ಜಾಗಕ್ಕೆ ಕೊಟ್ಟುಬಿಡಿ, ದೂರದ ಬಡವರಿಗೆ ಕಳಿಸಬೇಡಿ. ಅವರಿಗೆ ಏನಾದರೂ ಮಾಡಬೇಕೆನಿಸಿದರೆ, ಔಷಧಿ ಕಾಯುವ ನರ್ಸಮ್ಮಂದಿರಿಗೆ ಕಲಿಸುವವರ ಜೊತೆ ನಿಲ್ಲಿ. ಗೋದಾಮಿನ ಕೆಲಸ ಬಲ್ಲವರು, ಕಂಪ್ಯೂಟರ್ ಬಲ್ಲವರು, ಶನಿವಾರ ಬೆಳಿಗ್ಗೆ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಅಲ್ಲೊಂದು ಹಳ್ಳಿಯಲ್ಲಿ ಇವತ್ತೂ ಒಬ್ಬ ತಾಯಿ ಹೆರಿಗೆಗೆ ಬರುತ್ತಾಳೆ. ಅವಳಿಗೆ ಕೊಡುವ ಇಂಜೆಕ್ಷನ್ ಕಿಟಕಿಯ ಬಿಸಿಲಿನಲ್ಲಿ ಇರದಿರಲಿ.