ಮುನಿಸ್ವಾಮಪ್ಪ ವಾಪಸು ಕೊಟ್ಟ ನಲವತ್ತು ಗಂಟೆ

ಮುನಿಸ್ವಾಮಪ್ಪ ಕೆಮ್ಮಿದರೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ನಿಂತ ರೈಲು ಸಿಳ್ಳೆ ಬಿತ್ತೆಂದು ಹೊರಟೇಬಿಡುತ್ತಿತ್ತು. ನಂಬದವರು ಬೂದಿಕೋಟೆ ಬಸ್ಸಿನಲ್ಲಿ ಯಾರನ್ನಾದರೂ ಕೇಳಿ. ಮೈಸೂರು ಮೈನ್ಸಿನ ಚಿನ್ನದ ಗಣಿಯಲ್ಲಿ ಮೂವತ್ತು ವರ್ಷ ಪಾತಾಳಕ್ಕಿಳಿದು, ಎದೆಯಲ್ಲಿ ಮೂರು ಗಾಡಿ ಕಲ್ಲುಧೂಳು ತುಂಬಿಕೊಂಡು ಊರು ಸೇರಿದ್ದ. ಹೆಂಡತಿ ಆದಿಲಕ್ಷ್ಮಮ್ಮನಿಗೆ ಸಕ್ಕರೆ ಕಾಯಿಲೆ.

ಆ ವರ್ಷ ಮಂಡಲ ಪಂಚಾಯಿತಿಯವರು ಆರು ತಿಂಗಳ ಪ್ರಯೋಗವೆಂದು ‘ಗಂಟೆ ಬ್ಯಾಂಕು’ ಶುರುಮಾಡಿದರು. ಒಬ್ಬರಿಗೆ ಒಂದು ಗಂಟೆ ಕೆಲಸ ಮಾಡಿಕೊಟ್ಟರೆ ಒಂದು ತಗಡಿನ ಬಿಲ್ಲೆ. ನಮಗೆ ಕಷ್ಟ ಬಂದಾಗ ಆ ಬಿಲ್ಲೆ ಕೊಟ್ಟು ಊರಿನ ಯಾರಿಂದಲಾದರೂ ಒಂದು ಗಂಟೆ ಪಡೆಯಬಹುದು. ದುಡ್ಡಿನ ಮಾತೇ ಇಲ್ಲ. ಮೆಂಬರು ಪಾಪಕ್ಕ ಮನೆಮನೆಗೂ ಹೇಳಿಬಂದಳು.

“ನನ್ ಕೈಲೇನಾತದೆ ಪಾಪಕ್ಕ? ನಾಕು ಎಜ್ಜೆ ಇಟ್ರೆ ಉಸ್ರು ನಿಂತೋಯ್ತದೆ,” ಎಂದ ಮುನಿಸ್ವಾಮಪ್ಪ.

“ಕುಂತ್ಕಂಡೇ ಪಕ್ಕದ್ಮನೆ ಮುತ್ಯಾಲಮ್ಮನ ಕೂಸಿನ ತೊಟ್ಲು ತೂಗು ಮಾವ. ಬಾವಿ ತೋಡಿದ್ರೂ ಗಂಟೆ ಗಂಟೇನೇ, ತೊಟ್ಲು ತೂಗಿದ್ರೂ ಗಂಟೇನೇ.”

ತೂಗಿದ. ಅವನ ಕೆಮ್ಮನ್ನೇ ಲಾಲಿ ಎಂದುಕೊಂಡು ಕೂಸು ಕುಂಭಕರ್ಣನಂತೆ ನಿದ್ದೆ ಹೊಡೆಯಿತು. ಹರವಿದ ರಾಗಿಗೆ ಕಾವಲು ಕೂತರೆ ಆ ಕೆಮ್ಮಿಗೆ ಹೆದರಿ ಕೋಳಿಗಳು ಆಂಧ್ರದ ಗಡಿ ದಾಟಿದವು. ಎರಡು ತಿಂಗಳಲ್ಲಿ ನಲವತ್ತು ಬಿಲ್ಲೆ ಗಳಿಸಿದ.

ಆಗಲೇ ಆದಿಲಕ್ಷ್ಮಮ್ಮನ ಕಾಲಿಗೆ ಮುಳ್ಳು ಚುಚ್ಚಿತು. ಗಾಯ ಕೀವಾಯಿತು, ಬೆರಳು ಕಪ್ಪಾಯಿತು. ಬಸ್ಸಿನ ರಸ್ತೆ ಎರಡು ಮೈಲಿ ದೂರ. ಅವಳು ನಡೆಯಲಾರಳು, ಅವನು ಹೊರಲಾರ. ಕೋದಂಡಪ್ಪನ ಎತ್ತಿನ ಗಾಡಿ ಎದುರು ಮನೆಯಲ್ಲೇ ಇತ್ತು. ಮುನಿಸ್ವಾಮಪ್ಪ ಹತ್ತು ದಿನ ಅದನ್ನೇ ನೋಡುತ್ತ ಕೂತ, ಕೇಳಲಿಲ್ಲ. ಗಾಯದ ವಾಸನೆ ಬೀದಿಗೆ ಬಂದ ಮೇಲೆ ಪಾಪಕ್ಕನೇ ಬಾಗಿಲು ತಳ್ಳಿಕೊಂಡು ಒಳಬಂದಳು.

“ಯಾಕ್ ಮಾವ, ಕೋದಂಡಪ್ಪನ್ನ ಕೇಳಾಕೇನಾಗಿತ್ತು?”

“ಕೊಡಾಕೆ ಒಂದ್ ಬಿಲ್ಲೇನೂ ಇಲ್ವಲ್ಲಮ್ಮ. ಧರ್ಮಕ್ಕೆ ಕೇಳಾದೆಂಗೆ?”

“ನಲವತ್ತು ಗಳಿಸಿದ್ಯಲ್ಲ, ಎಲ್ಲೋದ್ವು?”

“ದಿನಾ ಸಂಜೆ ಪಂಚಾಯ್ತಿ ಬಾಗ್ಲ ಮೊಳೆಗೆ ಸಿಗಾಕಿ ಬತ್ತಿದ್ದೆ. ಮೈನ್ಸ್‌ನಾಗೆ ಅಂಗೇ ಅಲ್ವಾ? ಬಿಲ್ಲೆ ತಕಂಡು ಕೆಳಗಿಳ್ದೋನು ಮ್ಯಾಲೆ ಬಂದು ಮೊಳೆಗೆ ಸಿಗಾಕ್ಬೇಕು. ಬಿಲ್ಲೆ ಮೊಳೆಗೆ ಬರ್ಲಿಲ್ಲ ಅಂದ್ರೆ ಆಳು ಇನ್ನೂ ಕೆಳಗೇ ಅವ್ನೆ ಅಂತ ಉಡುಕ್ತಾರೆ. ಮನೆಗೆ ತಂದ್ರೆ ಇವ್ಳು ಎದ್ರುಕಂತಾಳೆ.”

ಯಾರೋ ಪುಣ್ಯಾತ್ಮರು ದಾನ ಕೊಟ್ಟಿದ್ದಾರೆಂದು ಆ ಬಿಲ್ಲೆಗಳನ್ನು ದಿನಾ ಡಬ್ಬಿಗೆ ಹಾಕುತ್ತಿದ್ದವಳು ತಾನೇ ಎಂದಳು ಪಾಪಕ್ಕ. ಅವು ಅವನ ಬಳಿಯೇ ಇರಬೇಕೆಂದು ಬಿಡಿಸಿ ಹೇಳದೆ ಹೋದೆನಲ್ಲ ಎಂದು ಹಣೆ ಚಚ್ಚಿಕೊಂಡಳು.

ಕೋದಂಡಪ್ಪ ಬಿಲ್ಲೆಯ ಮಾತೇ ಎತ್ತದೆ ಗಾಡಿ ಕಟ್ಟಿದ. ಎತ್ತುಗಳು ಬಂಗಾರಪೇಟೆ ತನಕ ನೆಲ ಮುಟ್ಟಲಿಲ್ಲ. ಆದರೂ ತಡವಾಗಿತ್ತು. ಡಾಕ್ಟರು ಪಾದ ತೆಗೆದರು. ಈ ಮಾತಿಗೆ ಮಾತ್ರ ಒಂದು ಅಕ್ಷರವೂ ಬೆರೆಸಿಲ್ಲ.

ಎಚ್ಚರವಾದಾಗ ಆದಿಲಕ್ಷ್ಮಮ್ಮ ಗಂಡನಿಗೆ ಹೇಳಿದ್ದು ಇಷ್ಟೇ: “ಊರಿಗೆ ನಲವತ್ತು ಗಂಟೆ ಕೊಟ್ಟೆ. ನಂಗೋಸ್ಕರ ಒಂದ್ ಗಂಟೆ ಕೇಳಾಕೆ ನಾಚ್ಕೆ ಆಯ್ತಾ?”

ಮನೆಗೆ ಬಂದ ಮರುದಿನ ಮುನಿಸ್ವಾಮಪ್ಪ ಮುತ್ಯಾಲಮ್ಮನ ಬಾಗಿಲಲ್ಲಿ ನಿಂತು, ಜೀವಮಾನದಲ್ಲಿ ಮೊದಲ ಸಲ ಕೇಳಿದ: “ನಮ್ಮೋಳಿಗೆ ನೀರು ಒತ್ತು ತಂದಾಕ್ಬೇಕು. ಒಂದ್ ಗಂಟೆ ಬತ್ತೀಯಾ?” ಕೂಸನ್ನು ಸೊಂಟಕ್ಕೆ ಏರಿಸಿಕೊಂಡೇ ಅವಳು ಹೊರಟಳು.

ಓದುತ್ತಿರುವ ಅಕ್ಕ, ಅಣ್ಣ, ಗಂಟೆ ಬ್ಯಾಂಕು ಇನ್ನೂ ನಡೆದಿದೆ, ಈ ವಾರವೇ ಪಂಚಾಯಿತಿಗೆ ಹೋಗಿ ಹೆಸರು ಬರೆಸಿ. ಅರ್ಜಿ ಬರೆಯುವುದೋ, ಹಸು ಕಾಯುವುದೋ, ನಿಮಗೆ ಬರುವ ಕೆಲಸ ಕೊಡಿ. ಗಳಿಸಿದ ಬಿಲ್ಲೆ ನಿಮ್ಮಲ್ಲೇ ಇರಲಿ. ಬಿಲ್ಲೆ ಇಲ್ಲದಿದ್ದರೂ ಕಷ್ಟ ಬಂದ ದಿನವೇ ಕೇಳಿ, ಕೆಲಸ ಆಮೇಲೆ ಮಾಡಿಕೊಡಬಹುದು. ನಿಮ್ಮ ಮನೆಯ ನೋವು ಎದುರು ಮನೆಗೆ ತಾನಾಗಿ ತಿಳಿಯುವುದಿಲ್ಲ. ಎದ್ದು ಹೋಗಿ ಹೇಳಿ.