ಯಾರೂ ಓದದ ಆರುನೂರು ಪುಸ್ತಕ

ಬನಹಟ್ಟಿಯ ಲೈಬ್ರರಿಗೆ ಆನ್‌ಲೈನ್ ಕ್ಯಾಟಲಾಗ್ ಬೇಕೆಂದು ಮೂರು ವರ್ಷ ಕಮಿಟಿಯವರ ಬೆನ್ನು ಹತ್ತಿದವಳು ಲೈಬ್ರರಿಯನ್ ತ್ರಿಶಲಾ. ಚಿಮ್ಮಡದ ಹುಡುಗಿಯೊಬ್ಬಳು ಬಸ್ಸು ಹತ್ತುವ ಮೊದಲೇ, ಬೇಕಾದ ಪುಸ್ತಕ ಇಲ್ಲಿದೆಯೋ ಇಲ್ಲವೋ ಎಂದು ಫೋನಿನಲ್ಲಿ ನೋಡಿಕೊಳ್ಳಲಿ ಎಂಬುದು ಅವಳ ಆಸೆ. ಕೊನೆಗೂ ಕ್ಯಾಟಲಾಗ್ ಬಂತು. ಬಂದದ್ದೇ ಪುಸ್ತಕಗಳ ಕುತ್ತಿಗೆಗೆ ಕೈ ಹಾಕಿತು!

ಕ್ಯಾಟಲಾಗ್ ಮಾಡಿಕೊಟ್ಟ ಕಂಪನಿಯ ಕಡೆಯಿಂದ ಜಮಖಂಡಿಯ ಶ್ರೇಯಸ ಬಂದಿದ್ದ. ಅವನ ಲ್ಯಾಪ್‌ಟಾಪಿನಲ್ಲಿ ಆರುನೂರ ಹನ್ನೆರಡು ಪುಸ್ತಕಗಳ ಹೆಸರು ಕೆಂಪಾಗಿದ್ದವು.

"ಐದು ವರ್ಷದಾಗ ಇವು ಒಮ್ಮಿನೂ ಇಶ್ಯೂ ಆಗಿಲ್ರಿ ಮೇಡಮ್. ಯಾರೂ ಓದಂಗಿಲ್ಲ ಅಂತ ಅರ್ಥ. ಲಿಸ್ಟಿನ್ಯಾಗ ಬರೂದಿಲ್ಲ, ರದ್ದಿಗೆ ಹೋಗ್ತಾವು. ನೀವೊಂದು ಸಹಿ ಮಾಡಿದ್ರ ಆತು."

ಆಗಲೇ ಅವನ್ನೆಲ್ಲ ಹಗ್ಗದಿಂದ ಗಂಟು ಕಟ್ಟಿಸಿ ಬಾಗಿಲ ಬಳಿ ಇಡಿಸಿದ್ದ. ತ್ರಿಶಲಾಳ ಮೈಯೆಲ್ಲ ಉರಿಯಿತು. ಯಾರೂ ಓದುವುದಿಲ್ಲವಂತೆ! ಹಾಳೆಗಳ ಮೂಲೆ ಸವೆದದ್ದು, ಅವುಗಳ ಮೇಲೆ ಎಣ್ಣೆಗೈಯ ಹೆಬ್ಬೆಟ್ಟು ಮೂಡಿದ್ದು ತನ್ನಷ್ಟಕ್ಕೆ ತಾನೇ ಆಯಿತೇ? ಈ ಊರಲ್ಲಿ ಪುಸ್ತಕ ಮನೆಗೊಯ್ಯುವವರು ಕಡಿಮೆ. ಮನೆ ತುಂಬ ಮಗ್ಗ, ಧೂಳು, ಗದ್ದಲ. ಕರೆಂಟು ಹೋಗಿ ಮಗ್ಗ ನಿಂತಾಗ ನೇಕಾರರು ಇಲ್ಲಿಗೆ ಬಂದು ಓದುತ್ತಾರೆ. ಕರೆಂಟು ಬಂತೆಂದರೆ ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟು ಓಡುತ್ತಾರೆ. ಅದನ್ನು ಬರೆದಿಡುವ ಪದ್ಧತಿ ಎಂದೂ ಇರಲಿಲ್ಲ. ತಾನಾದರೂ ಬರೆದಿಡಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೂ ಸಿಟ್ಟು ಬಂತು.

"ಇಲ್ಲೇ ಕುಂತು ಓದವ್ರು ಇದರಾಗ ಎಲ್ಲಿ ಬರ್ತಾರ? ತೋರಸ್ರಿ."

"ಅದಕ್ಕ ಇದರಾಗ ಜಾಗಾ ಇಟ್ಟಿಲ್ರಿ."

"ಲೈಬ್ರರಿ ಕ್ಯಾಟಲಾಗಿನ್ಯಾಗ ಓದೂದಕ್ಕ ಜಾಗಾ ಇಲ್ಲ! ಹೇಳಾಕರ ನಾಚಿಕಿ ಬರಂಗಿಲ್ಲೇನ್ರಿ?"

"ಕಮಿಟಿಯವ್ರು ಒಪ್ಯಾರ್ರಿ. ನಿಮ್ಮ ಸಹಿ ಒಂದ ಬಾಕಿ."

ಅಷ್ಟರಲ್ಲಿ ಫ್ಯಾನು ನಿಂತಿತು. ಓಣಿಯ ಮಗ್ಗಗಳ ಸದ್ದೂ ಅಡಗಿತು. ಐದು ನಿಮಿಷದಲ್ಲಿ ಹಿಂದಿನ ಓಣಿಯ ನೇಕಾರ ಗಿರಮಲ್ಲಪ್ಪ, ತಲೆಗೂದಲಲ್ಲಿ ಹತ್ತಿಯ ಎಳೆ ಹೊತ್ತುಕೊಂಡೇ ಒಳಗೆ ಬಂದ. ನೇರವಾಗಿ ತನ್ನ ಎಂದಿನ ಕಪಾಟಿಗೆ ಹೋದ. ಅದು ಖಾಲಿ. ಸುತ್ತ ನೋಡಿ, ಬಾಗಿಲ ಬಳಿಯ ಗಂಟುಗಳ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಹಗ್ಗ ಸರಿಸಿ, ದಪ್ಪನೆಯ ಕಾದಂಬರಿಯೊಂದನ್ನು ಹೊರಗೆಳೆದ. ನಿಲ್ಲಿಸಿದ್ದ ಪುಟ ಒಂದೇ ಸಲಕ್ಕೆ ಸಿಕ್ಕಿತು. ಅಲ್ಲೇ ಕುಳಿತು ಓದತೊಡಗಿದ.

ಸ್ವಲ್ಪ ಹೊತ್ತಾದ ಮೇಲೆ ಗಿರಮಲ್ಲಪ್ಪ ತಲೆಯೆತ್ತಿದ.

"ಅಕ್ಕಾರ, ಇದು ಇವತ್ತ ಮುಗೀತೈತ್ರಿ. ಎರಡನೇ ಭಾಗ ಯಾವ ಗಂಟಿನ್ಯಾಗ ಐತಿ?"

ತ್ರಿಶಲಾ ಸಹಿಯ ಕಾಗದವನ್ನು ಶ್ರೇಯಸನ ಕೈಗೆ ವಾಪಸು ತುರುಕಿದಳು.

"ಕೇಳಿಸ್ತಲ್ರಿ? ಹುಡುಕಿ ಕೊಡ್ರಿ ಅವರಿಗೆ. ಗಂಟು ಕಟ್ಟಿಸಿದವ್ರು ನೀವ."