ಜರ್ಮನಿಯಿಂದ ಬಂದ ಹೊಗೆಕೊಳವೆ

ನಮ್ಮ ಕಡೆ ಅಕ್ಟೋಬರ್ ಬಂತೆಂದರೆ ಎಲ್ಲರ ಬಾಯಲ್ಲೂ ಒಲೆಯದೇ ಮಾತು. ಯಾರ ಕಟ್ಟಿಗೆ ಒಣಗಿದೆ, ಯಾರದು ಇನ್ನೂ ಹಸಿ, ಯಾರ ಮನೆ ತುಂಬ ಹೊಗೆ. ಆ ವರ್ಷ ಬೊಗ್ದಾನನಿಗೆ ಅವಸರ ಜಾಸ್ತಿ. ಮರದ ಮನೆ, ಮಹಡಿಯಲ್ಲಿ ಎಳೆಗೂಸು, ಕೆಳಗೆ ಮೊಣಕಾಲು ನೋವಿನ ತಾಯಿ ಗೆನೊವೆಫಾ. ಹೊಸ ಕಟ್ಟಿಗೆ ಒಲೆ ಬಂದು ಕೂತಿತ್ತು. ಹೊಗೆಕೊಳವೆ ಜೋಡಿಸುವುದೊಂದೇ ಬಾಕಿ.

ಕೊಳವೆ ತಂದುಕೊಟ್ಟವನು ಅವನ ಹೆಂಡತಿಯ ಅಣ್ಣ. ಜರ್ಮನಿಯಲ್ಲಿ ಕಟ್ಟಡದ ಕೆಲಸ ಮಾಡುವವನು, ಅಲ್ಲಿ ಮಿಕ್ಕಿದ್ದನ್ನು ವ್ಯಾನಿಗೆ ಹಾಕಿಕೊಂಡು ಬಂದಿದ್ದ. ನಮ್ಮ ಪೋಲೆಂಡಿನವರಿಗೆ ಜರ್ಮನಿಯದು ಎಂದರೆ ಸಾಕು. ಸೋಪಿನ ಪುಡಿಯಿಂದ ಹಳೇ ಕಾರಿನವರೆಗೆ ಕಣ್ಣು ಮುಚ್ಚಿ ನಂಬುತ್ತೇವೆ.

ಮೊಟ್ಟೆ ಕೊಡಲು ಬಂದ ಪಕ್ಕದ ಮನೆಯ ದಾನುತಾ ಕೊಳವೆಯ ಮೇಲಿನ ಚೀಟಿಯನ್ನು ಬಗ್ಗಿ ನೋಡಿದಳು. ಅವಳು ಊರಿನ ಸ್ವಯಂಸೇವಕರ ಅಗ್ನಿಶಾಮಕ ದಳದವಳು.

"ಬೊಗ್ದಾನ್, ಇದನ್ನ ಈ ಒಲೆಗೆ ಹಾಕ್ಬೇಡ ಕಣೋ."

"ಯಾಕಕ್ಕಾ? ಸಿಇ ಗುರುತು ಕಾಣಿಸ್ಲಿಲ್ವಾ? ಇಡೀ ಯುರೋಪೇ ಒಪ್ಪಿರೋ ಮಾಲು. ಅದೂ ಜರ್ಮನಿದು!"

"ಯುರೋಪ್ ಬಂದು ಯಾವಾಗ ಒಪ್ತು? ಅದು ತಯಾರು ಮಾಡ್ದೋರ ಮಾತು. ನಿಯಮದ ಪ್ರಕಾರ ಪರೀಕ್ಷೆ ಆಗಿದೆ, ಇಷ್ಟು ತಡ್ಕೊಳ್ಳುತ್ತೆ ಅಂತ ಬರ್ದುಕೊಟ್ಟಿದಾರೆ. ಎಷ್ಟು ಅನ್ನೋದು ಪಕ್ಕದಲ್ಲೇ ಇದೆ, ಓದು."

"ಬೆಂಕಿ ಆರಿಸೋರಿಗೆ ಕಂಡಕಂಡಲ್ಲೆಲ್ಲ ಬೆಂಕೀನೇ! ಗುರುತಿದ್ಮೇಲೆ ಮುಗೀತು ಬಿಡಕ್ಕ."

"ನಿನ್ ಮಗಳ ಗಿಲಕಿ ಮೇಲೂ ಅದೇ ಗುರುತಿದೆ. ಅದನ್ನೂ ಒಲೆ ಮೇಲೆ ನಿಲ್ಲಿಸ್ತೀಯಾ?"

ಗೆನೊವೆಫಾ ಹೊದಿಕೆಯೊಳಗಿಂದಲೇ ಕಿಸಕ್ಕನೆ ನಕ್ಕಳು. ಬೊಗ್ದಾನ್ ಮುಖ ಸಿಂಡರಿಸಿಕೊಂಡೇ ಮಂಡಿಯೂರಿ ಚೀಟಿ ಓದಿದ. ಮೊದಲಿಗೆ ಟಿ ಇನ್ನೂರು, ಕೊನೆಯ ಕಡೆ ಇಂಗ್ಲಿಷಿನ ಓ ಅಕ್ಷರ.

"ಟಿ ಇನ್ನೂರು ಅಂದ್ರೆ ಇನ್ನೂರು ಡಿಗ್ರಿ ಬಿಸಿ ಹೊಗೆವರೆಗೆ," ಎಂದಳು ದಾನುತಾ. "ಗ್ಯಾಸ್ ಬಾಯ್ಲರಿಗೆ ಒಳ್ಳೇ ಮಾಲೇ. ಕಟ್ಟಿಗೆ ಹೊಗೆ ಅದನ್ನ ಮೀರಿ ಬಿಸಿಯಾಗುತ್ತೆ. ಓ ಅಂದ್ರೆ ಒಳಗಿನ ಮಸಿ ಹೊತ್ಕೊಂಡ್ರೆ ತಡ್ಕೊಳ್ಳಲ್ಲ ಅಂತ. ನಿಂಗೆ ಜಿ ಇರೋದು ಬೇಕು. ಅದರ ಮುಂದಿನ ಅಂಕಿ, ಕೊಳವೆ ಮರದಿಂದ ಎಷ್ಟು ಮಿಲಿಮೀಟರ್ ದೂರ ಇರ್ಬೇಕು ಅನ್ನೋದು."

ಬೊಗ್ದಾನ್ ತಲೆಯೆತ್ತಿ ನೋಡಿದ. ಕೊಳವೆಗೆಂದು ಮರದ ಚಾವಣಿಯಲ್ಲಿ ಅವನೇ ಕೊರೆದ ತೂತು, ಮಹಡಿಯಲ್ಲಿ ಮಗುವಿನ ತೊಟ್ಟಿಲಿರುವ ಗೋಡೆಗೆ ಅಂಟಿಕೊಂಡೇ ಇತ್ತು.

"ಮಸಿ ನಿಜವಾಗ್ಲೂ ಹೊತ್ಕೊಳ್ಳುತ್ತಾ ಅಕ್ಕಾ?"

"ಹೋದ ಚಳಿಗಾಲ ಹೊಳೆಯಾಚೆ ಊರಲ್ಲಿ ಹೊತ್ಕೊಂಡಿತ್ತು. ಮನೆಯವರನ್ನ ಹೊರಗೆ ತಂದ್ವಿ. ಮನೆ ಉಳಿಸೋಕಾಗ್ಲಿಲ್ಲ."

ಅವನಿಗೆ ಹೆದರಿಕೆಯಾಯಿತು. ಆದರೂ ಒಂದು ಸಂಕೋಚ. "ಭಾವ ಅಷ್ಟು ದೂರದಿಂದ ಹೊತ್ಕೊಂಡ್ ಬಂದಿದಾನೆ. ಏನಂತ ಹೇಳ್ಲಿ?"

"ನನ್ನ ಚೆರ್ರಿ ಮದ್ಯ ಒಂದ್ ಲೋಟ ಕುಡ್ಸಿ ಹೇಳು, ಕೇಳ್ತಾನೆ," ಎಂದಳು ಗೆನೊವೆಫಾ. "ನಂಗೆ ಇನ್ನೊಂದಷ್ಟು ದಿನ ಚಳಿಯಾದ್ರೂ ಪರ್ವಾಗಿಲ್ಲ. ಮಗು ಪಕ್ಕ ಅದು ಬೇಡ."

ಬೊಗ್ದಾನ್ ಪೇಟೆಗೆ ಹೋಗಿ ಒಲೆಯ ಕೈಪಿಡಿ ತೋರಿಸಿ, ಟಿ ನಾನೂರು, ಜಿ ಇರುವ ಕೊಳವೆ ಕೊಂಡ. ಅದು ಎಷ್ಟು ತಡೆಯುತ್ತದೆ ಎಂದು ತಯಾರಕರು ಬರೆದುಕೊಡುವ ಕಾರ್ಯಕ್ಷಮತೆಯ ಘೋಷಣಾ ಪತ್ರವನ್ನೂ ಕೇಳಿ ಪಡೆದ. ತೂತನ್ನು ದೊಡ್ಡದು ಮಾಡಿ, ಮರದಿಂದ ಬೇಕಾದಷ್ಟು ದೂರ ಬಿಟ್ಟು ಜೋಡಿಸಿದ. ಊರಿನ ಹೊಗೆಕೊಳವೆಗಳನ್ನು ಗುಡಿಸಿ ಪರೀಕ್ಷಿಸುವ ಕೆಲಸದವನು ಬಂದಾಗ, ಅವನನ್ನು ಕಂಡರೆ ಶುಭ ಎಂದು ಗೆನೊವೆಫಾ ವಾಡಿಕೆಯಂತೆ ತನ್ನ ಅಂಗಿಯ ಗುಂಡಿ ಹಿಡಿದುಕೊಂಡಳು.

"ಅದೃಷ್ಟ ಆಮೇಲೆ ಅಜ್ಜಿ, ಮೊದ್ಲು ಕೊಳವೆ ಪತ್ರ ತೋರ್ಸಿ," ಎಂದು ಅವನು ನಕ್ಕ. ಪತ್ರ ಓದಿ, ಅಳತೆ ನೋಡಿ, ಸರಿಯಿದೆ ಎಂದು ಸಹಿ ಹಾಕಿದ ಮೇಲೆಯೇ ಒಲೆ ಹೊತ್ತಿತು.

ಮನೆ ಕಟ್ಟುವವರೇ, ರಿಪೇರಿ ಮಾಡಿಸುವವರೇ, ಕೊಳವೆಯಿರಲಿ, ಕಿಟಕಿಯಿರಲಿ, ಸಿಮೆಂಟಿರಲಿ, ಗುರುತು ನೋಡಿ ಅಲ್ಲಿಗೇ ನಿಲ್ಲಬೇಡಿ. ಈ ಮಾಲು ಯಾವ ಕೆಲಸಕ್ಕೆ, ಎಷ್ಟು ತಡೆಯುತ್ತದೆ ಎಂದು ಓದಿ. ತಿಳಿಯದಿದ್ದರೆ ಪತ್ರ ಕೇಳಿ, ಬಲ್ಲವರಿಗೆ ತೋರಿಸಿ. ತನ್ನ ತಲೆಯ ಪಕ್ಕ ಹಾದುಹೋಗುವ ಕೊಳವೆ ಎಂಥದ್ದು ಎಂದು ತೊಟ್ಟಿಲ ಮಗು ಕೇಳಲಾರದು. ಅದರ ಪರವಾಗಿ ನೀವು ಕೇಳಿ.